ಡಿಕ್ಕಿಯ ಹೊಸ್ತಿಲು

ಹಳೆಯ ಕಾರು ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಏನೂ ಆಗದ ವಾರ ನನಗೇ ಅನುಮಾನ ಬರುತ್ತದೆ.

ನಾಸಿಕ್‌ನ ಅಂಬಡ್‌ನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಕಾರಿನ ಬಾಗಿಲು, ಡಿಕ್ಕಿಗಳ ಲಾಕ್ ತಯಾರಿಸುವ ಕಾರ್ಖಾನೆ. ತಯಾರಾದ ಲಾಕ್ ನೋಡಿ ಪಾಸ್ ಅಥವಾ ರಿಜೆಕ್ಟ್ ಅನ್ನುವುದು ನನ್ನ ಕೆಲಸ. ದಿನಕ್ಕೆ ಎರಡು ಮಾತು ಸಾಕಾಗುತ್ತಿತ್ತು. ಅದೇ ರೂಢಿಯಾಯಿತು. ನಿವೃತ್ತಿಯಾದ ಮೇಲೆ ನನ್ನ ಕಾರನ್ನು ನಾನೇ ರಿಪೇರಿ ಮಾಡುತ್ತೇನೆ. ಬೇರೆಯವರ ಕೈಗೆ ಕೊಡುವುದಿಲ್ಲ. ನಮ್ಮ ಮನೆಯವಳು ವಿಜಯಪುರದ ಕಡೆಯವಳು. ನನ್ನ ಪಾಲಿನ ಮಾತನ್ನೂ ಅವಳೇ ಆಡುತ್ತಾಳೆ.

ಒಳಗಿನ ಮಳೆ

ಹೋದ ಮಳೆಗಾಲದಲ್ಲಿ ಕಾರಿನ ಗಾಜಿಗೆ ಒಳಗಡೆಯಿಂದ ಹಬೆ ಕೂಡತೊಡಗಿತು. ಹೊರಗೆ ಮಳೆ ನಿಂತರೂ ಒಳಗೆ ನಿಲ್ಲುತ್ತಿರಲಿಲ್ಲ. ಏಸಿ ಹಾಕಿದರೆ ಹೋಗುತ್ತಿತ್ತು. ಆದರೆ ಹೋಗುವುದು ಹಬೆ, ಹಬೆಯ ಕಾರಣವಲ್ಲ. ಕಾರಣ ಸಿಗುವವರೆಗೆ ಏಸಿ ಹಾಕುವುದಿಲ್ಲ ಅಂದೆ.

ಓಣಿಯವರಿಗೆಲ್ಲ ಉಪಾಯ ಗೊತ್ತಿತ್ತು. ಒಬ್ಬರು ಗಾಜಿಗೆ ಬಟಾಟೆ ತಿಕ್ಕಲು ಹೇಳಿದರು. ಇನ್ನೊಬ್ಬರು ದಾಡಿಯ ಸೋಪು ಅಂದರು. ಎದುರುಮನೆಯಲ್ಲಿ ನಿವೃತ್ತ ಮರಾಠಿ ಮಾಸ್ತರರಿದ್ದಾರೆ. ಕಾಲುಚೀಲದಲ್ಲಿ ಉಪ್ಪು ತುಂಬಿ ಒಳಗೆ ತೂಗುಹಾಕಿ, ತೇವ ಎಳೆಯುತ್ತದೆ ಅಂದರು. ಹಾಕಿದೆ. ಉಪ್ಪು ತೇವ ಎಳೆಯಿತು. ಎಳೆದದ್ದನ್ನು, ಪೇಟೆಗೆ ಹೊರಟಾಗ, ಹನಿಹನಿಯಾಗಿ ನಮ್ಮ ಮನೆಯವಳ ಇಳಕಲ್ ಸೀರೆಯ ಮೇಲೆ ಬಿಟ್ಟಿತು.

ಅದೇ ಹೊತ್ತಿಗೆ ಚೌಕದಲ್ಲಿ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ. ಒಳಗಿನವರು ಕಾಣದ ಹಾಗೆ ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದೇವೆ ಎಂದು ಅವನ ಸಂಶಯ. ಗಾಜು ಇಳಿಸಿದೆ. ಹಬೆ ಅವನ ಮುಖಕ್ಕೆ ಹೋಯಿತು. ಇಬ್ಬರು ಮುದುಕರನ್ನೂ ತೂಗುತ್ತಿದ್ದ ಕಾಲುಚೀಲವನ್ನೂ ನೋಡಿದ. ಕಾಕಾ, ಒಳಗೆ ಇಡ್ಲಿ ಬೇಯಿಸುತ್ತಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದ.

ನಮ್ಮ ಮನೆಯವಳು ಸೆರಗು ಹಿಂಡುತ್ತ ಅಂದಳು: "ಇಡ್ಲಿ ಅಲ್ರಿ ಸಾಹೇಬ, ಬೇಯಾಕ ಹತ್ತಿದ್ದು ನಾನು."

ಸ್ಟೆಪ್ನಿ ಘಾಟ್

ಕಾರಣ ಡಿಕ್ಕಿಯಲ್ಲಿತ್ತು. ಸ್ಟೆಪ್ನಿ ಎತ್ತಿ ನೋಡಿದರೆ ಗುಂಡಿಯಲ್ಲಿ ಗೇಣು ನೀರು. ಡಿಕ್ಕಿಯ ಸುತ್ತಲಿನ ರಬ್ಬರ್ ಸರಿಯಿತ್ತು. ಅಂದರೆ ನೀರು ಹೊರಗಿನಿಂದ ಬಂದದ್ದಲ್ಲ. ಮೂಲೆಯಲ್ಲಿ ಮೂರು ಪ್ಲಾಸ್ಟಿಕ್ ಕ್ಯಾನುಗಳಿದ್ದವು. ಒಂದು ಸೀಳಿಹೋಗಿತ್ತು.

ನಾಸಿಕ್‌ನಲ್ಲಿ ಮನೆ ಮಾಡಿದವನ ಬಳಿಗೆ ಊರಿನವರೆಲ್ಲ ಗೋದಾವರಿ ಸ್ನಾನಕ್ಕೆ ಬರುತ್ತಾರೆ. ಹೋಗುವಾಗ ಕ್ಯಾನು ತುಂಬಿಸಿಕೊಳ್ಳುತ್ತಾರೆ. ಸ್ಟೇಷನ್ನಿನಲ್ಲಿ ಭಾರವೆನಿಸಿ ಒಂದನ್ನು ನಮ್ಮ ಕಾರಿನಲ್ಲಿಯೇ ಬಿಡುತ್ತಾರೆ. ನಮ್ಮ ಮನೆಯವಳು ಅವನ್ನು ಜೋಪಾನ ಮಾಡಿದ್ದಳು.

ಗುಂಡಿಯ ನೀರನ್ನು ಗಟಾರಕ್ಕೆ ಚೆಲ್ಲಲು ಹೋದೆ. ಅವಳು ಅಡ್ಡ ನಿಂತಳು. ತೀರ್ಥ ಗಟಾರಕ್ಕೆ ಹೋಗಕೂಡದು, ತುಳಸಿಗೇ ಹೋಗಬೇಕು. ತಾಮ್ರದ ಲೋಟ ತಂದುಕೊಟ್ಟಳು. ಬಗ್ಗಿ ಬಗ್ಗಿ ಲೋಟದಿಂದ ಗುಂಡಿ ಬರಿದು ಮಾಡಿದೆ. ಗೋದಾವರಿ ಇದ್ದ ಜಾಗ ಇನ್ನು ಬರೀ ಡಿಕ್ಕಿಯಲ್ಲ ಎಂದು ಅವಳು ಏನೋ ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎದುರುಮನೆಯ ಮಾಸ್ತರರು ಸ್ನಾನ ಮುಗಿಸಿ ಬಂದವರು ಅಂಗೈ ಚಾಚಿದರು. ಬೇಡ ಅಂದೆ. ತೀರ್ಥ ಬೇಡ ಅನ್ನಬಾರದು ಎಂದು ನನಗೇ ಬುದ್ಧಿ ಹೇಳಿ ಅಂಗೈ ಇನ್ನೂ ಮುಂದೆ ತಂದರು. ಎರಡು ಹನಿ ಹಾಕಿದೆ. ಬಾಯಿಗೆ ಮುಟ್ಟಿಸಿ ತಲೆಗೆ ಒರೆಸಿಕೊಂಡರು. ತುಸು ರಬ್ಬರಿನ ವಾಸನೆ, ಯಾವ ಘಾಟಿನ ನೀರು ಎಂದು ಕೇಳಿದರು.

"ಸ್ಟೆಪ್ನಿ ಘಾಟ್," ಅಂದೆ.

ತಲೆಯಾಡಿಸಿದರು. ಆ ಕಡೆ ಹೋಗಿಲ್ಲ ಅಂದರು.

ಎಲ್ಲರೂ ಗುದ್ದಿದ್ದು

ಮ್ಯಾಟನ್ನು ಎರಡು ದಿನ ಬಿಸಿಲಿಗೆ ಹಾಕಿದೆ. ಹಬೆ ಹೋಯಿತು. ಮುಂದಿನ ವಾರದಿಂದ ಡಿಕ್ಕಿ ಹಿಡಿದುಕೊಳ್ಳತೊಡಗಿತು. ಕೀಲಿ ತಿರುಗುತ್ತದೆ, ಮುಚ್ಚಳ ಏಳುವುದಿಲ್ಲ.

ನಮ್ಮ ಕಾರಿನ ಡಿಕ್ಕಿಯ ಲಾಕ್ ಮುಚ್ಚಳದಲ್ಲಿಲ್ಲ. ಕೆಳಗಿನ ಅಂಚಿನಲ್ಲಿ ಬಾಯಿ ಮೇಲೆ ಮಾಡಿಕೊಂಡು ಕೂತಿದೆ. ಬಿಚ್ಚಿದೆ. ಒಳಗೆ ಕೆಂಪಗಿತ್ತು. ತುಕ್ಕು. ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ಹಚ್ಚಿದೆ. ವಾರ ಸರಿಯಿತ್ತು, ಮತ್ತೆ ಹಿಡಿಯಿತು. ಮತ್ತೆ ಬಿಚ್ಚಿದೆ. ಮತ್ತೆ ತುಕ್ಕು. ಇಷ್ಟು ಬೇಗ ತುಕ್ಕು ಹಿಡಿಯುವ ಉಕ್ಕನ್ನು ನಾನು ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ.

ಓಣಿಯ ಗ್ಯಾರೇಜಿನವನು ಹಾದುಹೋಗುತ್ತ ನಿಂತ. ಕಾಕಾ, ಇದಕ್ಕೆ ಪಾನಾ, ಸ್ಪ್ಯಾನರ್ ಏನೂ ಬೇಕಿಲ್ಲ ಎಂದು ಮುಚ್ಚಳಕ್ಕೆ ಒಂದು ಗುದ್ದಿದ. ತೆರೆಯಿತು. ಅಂದಿನಿಂದ ಓಣಿಯವರೆಲ್ಲ ಗುದ್ದತೊಡಗಿದರು. ಹಾಲಿನವನು ದಿನಾ ಒಂದು ಕೊಟ್ಟು ಹೋಗುತ್ತಿದ್ದ. ಅವನಿಗೂ ತೆರೆಯುತ್ತಿತ್ತು. ನನಗೆ ಮಾತ್ರ ಇಲ್ಲ.

"ಮೂವತ್ತು ವರ್ಷ ನೀವು ಪಾಸ್ ಮಾಡಿದ್ದು ಇಂಥಾವನ ಏನ್ರೀ?" ಎಂದಳು ನಮ್ಮ ಮನೆಯವಳು.

ಅಷ್ಟಕ್ಕೇ ಬಿಡಲಿಲ್ಲ. ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಹತ್ತಿರವಿತ್ತು. ಮಗಳನ್ನು ಸಂಭಾಜಿನಗರಕ್ಕೆ ಕೊಟ್ಟಿದ್ದೇವೆ. ಅಳಿಯನಿಗೆ ವಾಳೂಜ್‌ನಲ್ಲಿ ಕೆಲಸ, ಮನೆ ಚಿಕಲಠಾಣಾದಲ್ಲಿ. ಬೀಗರ ಬಾಗಿಲಲ್ಲಿ ಡಿಕ್ಕಿ ತೆರೆಯದಿದ್ದರೆ ಕಾರನ್ನು ಅಲ್ಲಿಯೇ ಗುಜರಿಯ ಭಂಗಾರದವನಿಗೆ ಹಾಕಿ ಬಸ್ಸಿನಲ್ಲಿ ಬರುವುದು ಅಂದಳು. ಹೂಂ ಅಂದೆ. ನನಗೆ ಹೆದರಿಕೆ ಇರಲಿಲ್ಲ. ಹಾಲಿನವನನ್ನು ಕರೆದುಕೊಂಡು ಹೋಗಬಹುದಲ್ಲ ಎಂದು ಮಾಸ್ತರರು ಅಂದರು.

ಬೀಗರ ಬಾಗಿಲಲ್ಲಿ

ಹೊರಡುವ ಮುಂಜಾನೆ ಲಾಕ್ ಬಿಚ್ಚಿ, ತೊಳೆದು, ಹೊಸ ಗ್ರೀಸ್ ಹಚ್ಚಿದೆ. ಹತ್ತು ಸಲ ಹಾಕಿ ತೆಗೆದೆ. ಹತ್ತೂ ಸಲ ತೆರೆಯಿತು. ಹಸಿರು ಸೀರೆ, ಬಳೆ, ಉಂಡೆಗಳಿದ್ದ ದೊಡ್ಡ ಬಿದಿರಿನ ಬುಟ್ಟಿ ಇಟ್ಟೆ. ಕೊನೆಗೆ ಹೂವು ಇಟ್ಟು ಮುಚ್ಚಿದವಳು ನಮ್ಮ ಮನೆಯವಳು. ನಾನು ಆಗ ಗಾಜು ಒರೆಸುತ್ತಿದ್ದೆ.

ಚಿಕಲಠಾಣಾ ಮುಟ್ಟಿದಾಗ ಮುಹೂರ್ತಕ್ಕೆ ಇಪ್ಪತ್ತು ನಿಮಿಷವಿತ್ತು. ಮಗಳು ಮಣೆಯ ಮೇಲೆ ಕೂತು ಸೀರೆಗೆ ಕಾಯುತ್ತಿದ್ದಳು. ಬೀಗಿತ್ತಿ ಆರತಿ ತಟ್ಟೆ ಹಿಡಿದು ಹೊರಗೇ ಬಂದರು. ಹಿಂದೆ ಹತ್ತು ಹೆಂಗಸರು. ಕೀಲಿ ತಿರುಗಿಸಿದೆ. ತೆರೆಯಲಿಲ್ಲ.

ಗುದ್ದಿದೆ. ಅಳಿಯ ಗುದ್ದಿದ. ಬೀಗರು ಗುದ್ದಿದರು. ಅಳಿಯ ಹಾರೆ ತರಲೇ ಅಂದ. ನಮ್ಮ ಮನೆಯವಳು ಇಲ್ಲಿ ಭಂಗಾರದವರು ಎಲ್ಲಿ ಸಿಗುತ್ತಾರೆ ಎಂದು ಬೀಗಿತ್ತಿಯನ್ನು ವಿಚಾರಿಸತೊಡಗಿದಳು.

ನಾನು ಕಾರಿನೊಳಗೆ ಹೋದೆ. ಹಿಂದಿನ ಸೀಟಿನ ಬೆನ್ನು ಬಿಚ್ಚಿದೆ. ಎರಡೇ ಬೋಲ್ಟು. ಬುಟ್ಟಿ ಆ ಸಂದಿಯಲ್ಲಿ ತೂರಲಿಲ್ಲ, ಆರತಿಗೆ ಮೊದಲು ಅದನ್ನು ಬಿಚ್ಚುವ ಹಾಗೂ ಇರಲಿಲ್ಲ. ನಾನು ತೂರಿದೆ. ಸ್ಕ್ರೂಡ್ರೈವರ್ ಹಲ್ಲಿನಲ್ಲಿ ಕಚ್ಚಿಕೊಂಡು, ರೇಷ್ಮೆ ಧೋತರ ಎತ್ತಿ ಕಟ್ಟಿಕೊಂಡು, ತೆವಳಿ ಡಿಕ್ಕಿ ಸೇರಿದೆ. ಬುಟ್ಟಿಗೆ ಬೇರೆ ಜಾಗವಿರಲಿಲ್ಲ, ಹೊಟ್ಟೆಯ ಮೇಲಿಟ್ಟುಕೊಂಡೆ. ಮೊಬೈಲಿನ ಬೆಳಕಿನಲ್ಲಿ ಲಾಕ್ ನೋಡಿದೆ. ಬಾಯಿಯಲ್ಲಿ ಐದು ಅಕ್ಕಿಕಾಳು, ಕೆಂಪಗೆ, ನನ್ನ ಗ್ರೀಸಿನಲ್ಲಿ ಅಂಟಿ ಕೂತಿದ್ದವು. ಒಂದೊಂದಾಗಿ ಎಬ್ಬಿಸಿದೆ. ಕೊಕ್ಕೆ ಒತ್ತಿದೆ. ಮುಚ್ಚಳ ಎದ್ದಿತು.

ತವರಿನ ಬುಟ್ಟಿಗೆ ಎಂದು ತಟ್ಟೆ ಹಿಡಿದಿದ್ದ ಬೀಗಿತ್ತಿ ಕೈ ತಡೆಯಲಾಗದೆ ಆರತಿ ಎತ್ತಿಯೇಬಿಟ್ಟರು. ಬುಟ್ಟಿಗೂ ಆಯಿತು, ಕೆಳಗಿದ್ದ ನನಗೂ ಆಯಿತು. ಹಿಂದಿದ್ದ ಹೆಂಗಸರು ಒಂದು ನುಡಿ ಹಾಡಿದರು.

ನಾನು ಮಲಗಿದಲ್ಲಿಂದಲೇ ಅಂಗೈ ತೋರಿಸಿದೆ. ನಮ್ಮ ಮನೆಯವಳು ಕಾಳು ನೋಡಿದಳು. ದನಿ ಇಳಿಸಿದಳು.

"ಗೋದಾವರಿ ಇದ್ದ ಜಾಗಾ ಅಂತ ಹೊಸ್ತಿಲಾ ಪೂಜಾ ಮಾಡತಿದ್ದೆ, ಶುಕ್ರವಾರಕ್ಕೊಮ್ಮಿ. ಬರೇ ಕುಂಕುಮಾ ಏರಸ್ತಿದ್ದೆ. ಇವತ್ತ ಶುಭಕಾರ್ಯ ಅಂತ ಅಕ್ಷತಾನೂ ಹಾಕಿದೆ."

ನನ್ನ ತುಕ್ಕು ಕುಂಕುಮವಾಗಿತ್ತು.

"ಲಾಕ್ ಪಾಸ್," ಅಂದೆ.

ಸೀರೆ ಹೊತ್ತಿಗೆ ಸರಿಯಾಗಿ ಮಣೆ ಮುಟ್ಟಿತು. ಕುಬಸ ಚಂದಾಗಿ ಆಯಿತು. ಊಟದ ಹೊತ್ತಿಗೆ ಗೋದಾವರಿಯ ಕಥೆ ಮನೆಯೆಲ್ಲ ಹರಡಿತ್ತು. ಹೊರಡುವಾಗ ಬೀಗಿತ್ತಿ ಮಡಿಲ ತುಂಬ ಅಕ್ಷತೆ ತಂದರು. ಇಂಥ ಜಾಗವನ್ನು ಬರಿಗೈಲಿ ಕಳಿಸಬಾರದು ಎಂದು, ನಾನು ಬೇಡ ಅನ್ನುವುದರೊಳಗೆ, ತೆರೆದ ಡಿಕ್ಕಿಯ ಹೊಸ್ತಿಲಿಗೆ ಎರಡು ಹಿಡಿ ಸುರಿದು ತಾವೇ ಮುಚ್ಚಳ ಹಾಕಿದರು.

ಬೀಗರು ಕೊಟ್ಟ ಸಾಮಾನಿನ ಬುಟ್ಟಿ ನಾಸಿಕ್‌ವರೆಗೆ ನಮ್ಮ ಮನೆಯವಳ ತೊಡೆಯ ಮೇಲಿತ್ತು. ಕಾರು ಮಾರುವ ಮಾತು ಅವಳು ಎತ್ತಲಿಲ್ಲ. ದಾರಿಯುದ್ದ ಮಳೆ. ಗಾಜು ಮಾತ್ರ ಸ್ವಚ್ಛವಾಗಿತ್ತು.