ಸೀದಾ ಹೋದರೆ ಸಿಗುವ ಓಣಿ

ಶಹಾಬಾದಿಗೆ ಬಂದರೆ ಯಾರನ್ನು ಬೇಕಾದರೂ ದಾರಿ ಕೇಳಿ, ನಮ್ಮ ಕಾಕಾನನ್ನು ಮಾತ್ರ ಕೇಳಬೇಡಿ. ಕೇಳಿದವರು ಸೀದಾ ನೀರಿಗೆ ಬೀಳುತ್ತಾರೆ!

ತಮಾಷೆಯಲ್ಲ. ನಮ್ಮ ಓಣಿ ಮೂರು ತುಂಡು. ಕಾಕಾನ ಮನೆಯಿರುವ ಮೊದಲ ತುಂಡು ಮುಗಿಯುವಲ್ಲಿ ಹಳೆಯ ಕಲ್ಲಿನ ಗಣಿ, ಅದರ ತುಂಬ ಹಸಿರು ನೀರು. ಆಚೆ ದಡದಲ್ಲಿ ಅದೇ ಓಣಿ ಮತ್ತೆ ಶುರುವಾಗಿ, ಕಲ್ಲು ಕೊಯ್ಯುವ ಕಾರ್ಖಾನೆಯ ಕಾಂಪೌಂಡಿಗೆ ಡಿಕ್ಕಿ ಹೊಡೆದು ಸತ್ತು, ಕಾಂಪೌಂಡಿನ ಬೆನ್ನಿಗೆ ಇನ್ನೊಮ್ಮೆ ಹುಟ್ಟುತ್ತದೆ.

ಆದರೆ ಕಾಕಾನ ಲೆಕ್ಕದಲ್ಲಿ ಓಣಿ ಒಂದೇ! ಕೊನೆಯ ತುಂಡಿನ ಮನೆಗೆ ಪಾರ್ಸೆಲ್ ತಂದವನಿಗೆ ಕೈ ಚಾಚಿ, "ಸೀದಾ ಹೋಗ್ರಿ, ಎಲ್ಲೂ ಹೊಳ್ಳಬ್ಯಾಡ್ರಿ" ಅಂದ. ಅವನು ಗಣಿಯ ಅಂಚಿನಲ್ಲಿ ಬ್ರೇಕ್ ಹಾಕಿ, ಬೆವರುತ್ತಾ ವಾಪಸ್ ಬಂದ.

"ಚಾಚಾ, ಅಲ್ಲಿ ಬರೇ ನೀರ್ ಅದರಿ!"

"ಓಣಿ ಇದ್ದಲ್ಲೇ ಅದ. ನಡುವ ನೀರ್ ಬಂದ್ರ ಓಣಿ ಏನ್ ಮಾಡಬೇಕು?"

ನೀರು ಹೇಗೆ ಬಂತು? ಕಾಲಡಿಯ ಕಲ್ಲು ಕಿತ್ತು ಊರೂರಿಗೆ ಕಳಿಸಿದೆವು, ಅದಕ್ಕೆ! ಕಂಡವರ ಮನೆಗೆಲ್ಲ ನೆಲ ಕೊಟ್ಟು, ನಾವು ಗುಂಡಿ ಇಟ್ಟುಕೊಂಡೆವು. ಸೊಲ್ಲಾಪುರದ ಬೀಗರ ಮನೆಗೆ ಹೋದಾಗ ಕಾಕಾ ಅವರ ಅಡುಗೆಮನೆಯ ನೆಲದ ಫರಸಿ ಕಲ್ಲು ಸವರಿ, "ಇದು ನಮ್ಮ ಓಣಿ" ಎಂದು ಅಲ್ಲೇ ಕಾಲು ಚಾಚಿ ಮಲಗಿಬಿಟ್ಟ. ಬೀಗಿತಿಗೆ ರೊಟ್ಟಿ ಬಡಿಯಲು ಜಾಗವಿಲ್ಲ.

"ಏಳ್ರಿ ಅಣ್ಣಾರ."

"ನಮ್ಮ ಓಣ್ಯಾಗಿಂದ ನಮಗೇ ಏಳಂತೀರೇನ್ರಿ?"

ಮೊನ್ನೆ ಮೂರು ತುಂಡಿಗೆ ಮೂರು ಹೆಸರಿನ ಬೋರ್ಡು ಹೊತ್ತು ನಗರಸಭೆಯವರು ಬಂದರು. ರಸ್ತೆ ಜೋಡಿಸುವುದಕ್ಕಿಂತ ಹೆಸರು ಒಡೆಯುವುದು ಸುಲಭವಲ್ಲವೇ? ಕಾಕಾ ಕಂಬ ತಬ್ಬಿಕೊಂಡು ನಿಂತ.

"ಒಂದ್ ಓಣಿಗಿ ಮೂರ್ ಹೆಸರು ಯಾಕ? ನಿನಗ ಮೂರ್ ಹೆಸರು ಅದಾವೇನು?"

"ಅದಾವ್ರಿ! ಮನ್ಯಾಗ ಒಂದು, ಸಾಲ್ಯಾಗ ಒಂದು, ಹೆಂಡ್ತಿ ಸಿಟ್ಟಿಗೆದ್ದಾಗ ಒಂದು!"

ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬೋರ್ಡು ಏರಿತು. ಕಾಕಾನ ಮುಖ ಇಳಿಯಿತು.

ಅವನ ಹೆಂಡತಿ, ನಮ್ಮ ಕಾಕು, ನನ್ನನ್ನು ಒಳಗೆ ಕರೆದಳು. "ನಗಬ್ಯಾಡ. ನಮ್ಮವ್ವಗ ನಾ ಒಬ್ಬಾಕೇ ಮಗಳು. ಓಣಿ ದಾಟಿಸಿ ಕೊಡಂಗಿಲ್ಲ ಅಂದಿದ್ಳು. ದಾಟಸಂಗಿಲ್ಲ ಅಂತ ಇವರು ಮಾತು ಕೊಟ್ಟು ಕಟ್ಕೊಂಡಾರ. ಆಗ ಓಣಿ ಇಡೀ ಇತ್ತು. ಈಗ ಮೂರ್ ಹೆಸರಾದ್ರ, ನನ್ನ ಬ್ಯಾರೆ ಓಣಿಗಿ ತಂದಂಗ ಆತಲ್ಲ!"

ಕಾಕುವಿನ ತವರು ಕೊನೆಯ ತುಂಡಿನಲ್ಲಿ! ದಿನಾ ಸಂಜೆ ಇಬ್ಬರೂ ಅಲ್ಲಿಗೆ ಹೋಗುತ್ತಾರೆ. ಅಂದು ಅವರ ಸ್ಕೂಟರಿನ ಹಿಂದೆ ನನ್ನ ಬೈಕೂ ಹೊರಟಿತು. ಗಣಿ ಸುತ್ತಿ, ಕಾರ್ಖಾನೆ ಸುತ್ತಿ, ಲಾರಿಗಳ ಬಿಳಿ ಧೂಳು ಕುಡಿದು ತಲುಪುವಾಗ ಮೂವರೂ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತಿದ್ದೆವು.

ಕಾಕುವಿನ ತಾಯಿ, ಕಣ್ಣು ಕಾಣದ ಅಜ್ಜಿ, ಹೊರಸಿನ ಮೇಲೆ ಮಲಗಿದಲ್ಲಿಂದಲೇ ಕೇಳಿದಳು: "ಅಳಿಯಂದ್ರ, ಭಾಳ್ ಕೆಮ್ಮಲಿಕತ್ತೀರಿ. ಸುತ್ತು ಹಾಕಿ ಬಂದ್ರೇನು?"

"ಎಲ್ಲಿ ಸುತ್ತು ಅತ್ತಿ? ಸೀದಾ ಬಂದೀವಿ!"

ಕಾಕು ಸೆರಗಿನ ತುದಿಯಿಂದ ಅವನ ಹುಬ್ಬಿನ ಧೂಳು ಒರೆಸಿದಳು.