ಅಟ್ಟದ ಮೇಲೆ ಸುಮ್ಮನೆ ಕೂಡುವುದು

ಸುಮ್ಮನೆ ಕೂಡುವುದೂ ಒಂದು ವಿದ್ಯೆ. ಅದು ನನಗೆ ಈ ಜನ್ಮದಲ್ಲಿ ಹತ್ತಲಿಲ್ಲ. ಇಂಡಿ ಊರಿನ ಶಾಲೆಯಲ್ಲಿ ಮಕ್ಕಳಿಗೆ ಕೈಕಟ್ಟಿ ಕೂಡಲು ಗದರಿಸುವ ಮಾಸ್ತರ ನಾನು; ಗದರಿಸುತ್ತಲೇ ಬಾಗಿಲತನಕ ಹೋಗಿ ಬಂದಿರುತ್ತೇನೆ. ತಪ್ಪು ನನ್ನದಲ್ಲ, ಬೆಳೆದ ರೀತಿಯದು. ಹೊರ್ತಿಯ ನಮ್ಮ ಹೊಲದಲ್ಲಿ ಜೋಳ ತೆನೆಗಟ್ಟಿದಾಗ ಅಟ್ಟ ಕಟ್ಟಿ ನನ್ನನ್ನು ಹತ್ತಿಸುತ್ತಿದ್ದರು. ಹಕ್ಕಿ ಬಂದರೆ ಕವಣೆ ಬೀಸಬೇಕು, ಚಿಗರಿ ಬಂದರೆ ಒದರಬೇಕು, ಸುಮ್ಮನೆ ಕೂತರೆ ಅಪ್ಪನ ಬೈಗುಳ. ಹಾಗೆಂದು ನನ್ನ ಒದರಾಟಕ್ಕೆ ಯಾವುದೂ ಹೆದರಿದ್ದಿಲ್ಲ. ಗಿಳಿಗಳು ನನ್ನ ಮುಖ ನೋಡಿಕೊಂಡೇ ತೆನೆ ಮುಗಿಸುತ್ತಿದ್ದವು. ಮದುವೆಯಾದ ಮೇಲೆ ಹೆಂಡತಿಯೂ ಈ ವೈಭವವನ್ನು ಕಣ್ಣಾರೆ ಕಂಡಳು.

ಇಂಥವನು ಎಪ್ಪತ್ತೈದರ ಬೇಸಿಗೆ ರಜೆಯಲ್ಲಿ ಅವಳನ್ನು ಕರೆದುಕೊಂಡು ದಾಂಡೇಲಿಯ ಕಾಡಿಗೆ ಹೋದೆ. ಅವಳ ತಮ್ಮ ಶಿವಪ್ಪ ಅಲ್ಲಿ ಫಾರೆಸ್ಟ್ ಗಾರ್ಡು. ಅವನ ಬಾಯಲ್ಲಿ ಕಾಡುಕೋಣದ ಸುದ್ದಿ ಕೇಳಿ ಕೇಳಿ ಅವಳಿಗೆ ಒಮ್ಮೆಯಾದರೂ ನೋಡುವ ಹುಚ್ಚು. ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಕಾಡಿನಲ್ಲಿ ನನಗೆ ಉಸಿರುಕಟ್ಟಿದಂತಾಯಿತು. ನಮ್ಮ ಹೊಲದಲ್ಲಿ ನಿಂತರೆ ಚಡಚಣದ ಕಡೆಯಿಂದ ಬರುವ ಬಸ್ಸಿನ ಧೂಳು ಬಲು ದೂರದಿಂದಲೇ ಕಾಣುತ್ತದೆ. ಇಲ್ಲಿ ನೋಡಿದರೆ ಸಾಗವಾನಿ, ಬಿದಿರು, ಅದರ ಹಿಂದೆ ಮತ್ತೆ ಸಾಗವಾನಿ. ಶಿವಪ್ಪ ನೀರಿನ ಹೊಂಡದ ಪಕ್ಕದ ಅಟ್ಟ ಹತ್ತಿಸಿ, "ಮಾಮಾರ, ಉಸುರೂ ಮೆಲ್ಲಕ ಬಿಡ್ರಿ. ಸಪ್ಪಳಾದ್ರ ಒಂದೂ ನಿಲ್ಲೂದಿಲ್ಲ" ಎಂದ. ಕುಳಿತೆ. ಕಾಲು ಜೋಮು ಹಿಡಿಯಿತು. ಕೆಮ್ಮು ಬಂತು, ನುಂಗಿದೆ. ಎಲೆ ಅಡಿಕೆಯ ಚೀಲಕ್ಕೆ ಕೈಹಾಕಿದರೆ ಹೆಂಡತಿ ಕಣ್ಣಲ್ಲೇ ಗದರಿಸಿದಳು. ಅಷ್ಟರಲ್ಲಿ ಬಿದಿರು ಅಲುಗಿತು. ಮೊದಲು ಬಿಳಿ ಕಾಲುಚೀಲ ತೊಟ್ಟಂಥ ಕಾಲುಗಳು, ಆಮೇಲೆ ಕರಿ ಹೆಗಲು, ಹಿಂದೆ ಮೇಯುತ್ತ ಬಂದ ಇಡೀ ಹಿಂಡು. ಹೆಂಡತಿ ನನ್ನ ತೋಳು ಹಿಡಿದಳು. ನನಗೇನಾಯಿತೋ ದೇವರೇ ಬಲ್ಲ. ಕೆಳಗೆ ಮೇಯುವ ಹಿಂಡು, ಮೇಲೆ ಅಟ್ಟದಲ್ಲಿ ನಾನು. ಎದ್ದು ನಿಂತು, ಹೆಗಲ ಟವೆಲ್ಲು ಬೀಸಿ, ಗಂಟಲು ಹರಿಯುವಂತೆ "ಹೋಯ್ ಹೋ" ಎಂದು ಒದರಿಬಿಟ್ಟೆ.

ಕೋಣಗಳಿರಲಿ, ಅಲ್ಲಿವೆಯೆಂದು ನಮಗೆ ಗೊತ್ತೇ ಇರದ ನವಿಲು, ಮಂಗ, ಚುಕ್ಕಿ ಚಿಗರಿಗಳೂ ದಿಕ್ಕಾಪಾಲಾದವು. ಶಿವಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ನನಗೆ ನಾಚಿಕೆಯಿಂದ ಅಟ್ಟ ಇಳಿಯುವುದೂ ತೋಚಲಿಲ್ಲ.

ಹೆಂಡತಿ ಬರಿದಾದ ಹೊಂಡವನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಇಷ್ಟ ವರ್ಷ ನಮ್ಮ ಜ್ವಾಳದಾಗ ಒಂದ್ ಗಿಳಿನೂ ಎಬ್ಬಸಲಿಲ್ಲ ನೀವು. ಒದರಿದ್ದು ಇವತ್ತ ಕೆಲಸಕ್ಕ ಬಂತ ನೋಡ್ರಿ" ಎಂದಳು.

ಈಗಲೂ ಜೋಳದ ಕಾಲಕ್ಕೆ ಅಟ್ಟ ಹತ್ತುತ್ತೇನೆ. ಕೆಳಗೆ ಬುತ್ತಿ ಬಿಚ್ಚುತ್ತ ಅವಳು ಗಿಳಿಗಳಿಗೆ ಕೇಳುವಂತೆ, ಇವರು ದಾಂಡೇಲಿ ಕಾಡನ್ನೇ ಖಾಲಿ ಮಾಡಿ ಬಂದವರು, ಹುಷಾರಾಗಿರಿ ಎಂದು ಎಚ್ಚರಿಸುತ್ತಾಳೆ. ಗಿಳಿಗಳು ಒಮ್ಮೆ ನನ್ನ ಮುಖ ನೋಡಿ, ಮತ್ತೆ ತೆನೆಗೆ ಬಾಯಿ ಹಾಕುತ್ತವೆ.