ತುಂಬಿದ ಚರಿಗೆಯ ಸಂಸತ್ತು

ಸಂಸತ್ತನ್ನು ಸುಧಾರಿಸುವ ಉಪಾಯ ದಿಲ್ಲಿಯಲ್ಲಿಲ್ಲ, ಕೊಣ್ಣೂರಿನ ನಮ್ಮ ಕಾಕಾನ ಚರಿಗೆಯಲ್ಲಿದೆ ಎಂದರೆ ನೀವು ನಗುತ್ತೀರಿ. ನಗಿ. ನಾನೂ ನಕ್ಕವನೇ. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದು ಹೇಗೆ?

ಕಾಕಾ ಟಿವಿಯಲ್ಲಿ ಲೋಕಸಭೆಯ ಕಲಾಪವನ್ನು ಬಿಡದೆ ನೋಡುತ್ತಾರೆ. ಅಲ್ಲಿ ಗದ್ದಲ ಎದ್ದರೆ ಇಲ್ಲಿಂದಲೇ "ಏ, ಕುಂದರ್ರಿ" ಎಂದು ಗದರುತ್ತಾರೆ. ಸದಸ್ಯರು ಕೂರುವುದಿಲ್ಲ, ಊಟಕ್ಕೆಂದು ಎದ್ದ ನಾವು ಕೂತುಬಿಡುತ್ತೇವೆ. ಕಡೆಗೆ ಅವರೇ ಒಂದು ಮದ್ದು ಕಂಡುಹಿಡಿದರು.

"ಬಾಯಿತನಕ ನೀರು ತುಂಬಿದ ಚರಗಿ ಕೈಯಾಗ ಹಿಡಕೊಂಡ ಮಾತಾಡಬೇಕ. ಒದರಿದ್ರ, ಕೈ ಬೀಸಿದ್ರ ನೀರ ಚೆಲ್ಲತೈತಿ. ಚೆಲ್ಲಿದ್ರ ಪಾಳಿ ಹೋತು. ಹೆಂಗೈತಿ?"

ಸಂಸದರು ಹುಕ್ಕೇರಿಗೆ ಬಂದಾಗ ಕಾಕಾ ಬಸ್ಸಿನಲ್ಲಿ ಚರಿಗೆ ಒಯ್ದು, ಅಲ್ಲಿಯ ನಲ್ಲಿಯಲ್ಲಿ ತುಂಬಿಸಿ, ಜನರ ನಡುವೆ ನುಸುಳಿ ಅವರ ಕೈಗಿತ್ತರು. "ಭಾಳ ಸೆಕಿ ಐತ್ರಿ, ಪುಣ್ಯಾ ಕಟಗೊಂಡ್ರಿ" ಎಂದು ಸಾಹೇಬರು ಅಷ್ಟನ್ನೂ ಗಟಗಟ ಕುಡಿದು ಕಾರು ಹತ್ತಿದರು.

ಕಾಕಾ ಎದೆಗುಂದಲಿಲ್ಲ. "ಮೊದಲ ಮನ್ಯಾಗ ಜಾರಿ ಮಾಡೂನು" ಎಂದರು. ಸದಸ್ಯರು ಕಾಕಾನ ಹೆಂಡತಿ ಕಾಕು, ಅವರ ಸೊಸೆ, ಬಾಜೂ ಮನೆಯ ನಾನು. ಮೊದಲ ಮಸೂದೆ ಕಾಕಾನದೇ: ಹಿತ್ತಲಿನ ಎಮ್ಮೆ ಮಾರಿ, ಕಲಾಪ ನೋಡಲು ಗೋಡೆಯಗಲದ ಟಿವಿ ತರುವುದು. ಗೆಲುವು ಖಚಿತವೆಂದು ಗೋಕಾಕದಿಂದ ಕರದಂಟು ಕೂಡ ತಂದಿಟ್ಟಿದ್ದರು. ಎಮ್ಮೆಯನ್ನು ಅದು ಕರುವಾಗಿದ್ದಾಗಿನಿಂದ ಕಾಕು ಸಾಕಿದ್ದರು. ಆದರೆ ಆ ಮನೆಯಲ್ಲಿ ಯಾವ ಮಾತಿಗೂ ಅವರು "ಹ್ಞೂಂರಿ" ಎಂದದ್ದನ್ನಷ್ಟೇ ನಾನು ಕೇಳಿದ್ದೆ.

ಕಾಕಾ ಚರಿಗೆ ಹಿಡಿದು "ಪ್ರಜಾಪ್ರಭುತ್ವ ಅಂದ್ರ" ಎನ್ನುವಷ್ಟರಲ್ಲಿ ಕೈ ಮೇಲೆದ್ದು, ನೀರು ಧೋತರದ ಪಾಲಾಯಿತು.

"ಪಾಳಿ ಹೋತು, ಕಾಕಾ" ಎಂದೆ.

ಕಾಕು ಚರಿಗೆ ತುಂಬಿಕೊಂಡು ಬಂದರು. ಕೊಡ ಹೊತ್ತು ಪಳಗಿದ ಕೈ, ನೀರು ಅಲುಗಲಿಲ್ಲ.

"ಎಮ್ಮಿ ಮಾರೂದ ಬ್ಯಾಡ್ರಿ. ನೀವು ದಿನಾ ದಿಲ್ಲಿ ಜೋಡಿ ಮಾತಾಡ್ತೀರಿ. ನನಗ ಮಾತಾಡಾಕ ಇರೂದು ಅದೊಂದ."

ಕಾಕಾ ಗಂಭೀರವಾಗಿ ಕೈ ಎತ್ತಲು ಹೇಳಿದರು. ನನ್ನ ಕೈ ಎಮ್ಮೆಯ ಪರವಾಗಿ ಎದ್ದಿತು, ಸೊಸೆಯದೂ. ಕಾಕಾ ಒಬ್ಬರೇ ಉಳಿದರು. ಸಿಟ್ಟಾದರೇ? ಒದ್ದೆ ಧೋತರದಲ್ಲೇ ಎದ್ದು ನಿಂತರು, ಕುಣಿಯುವುದೊಂದು ಬಾಕಿ.

"ಬಿತ್ತಲೇ ನನ್ನ ಸರಕಾರ! ಚರಗಿ ಕಾಯ್ದೆ ಗೆದ್ದೈತಿ, ಕರದಂಟ ಹಂಚ್ರಿ!"

ಹಂಚಿಯಾಯಿತು. ಕಾಕು ಇನ್ನೂ ಚರಿಗೆ ಹಿಡಿದೇ ನಿಂತಿದ್ದರು.

"ಇನ್ನೂ ಮಾತ ಅದಾವೇನ?" ಕಾಕಾ ಮೆಲ್ಲಗೆ ಕೇಳಿದರು.

"ಭಾಳ ಅದಾವ್ರಿ."

ಕಾಕಾ ಟಿವಿ ಆರಿಸಿ ಬಂದು ಎರಡೂ ಕೈ ಚಾಚಿದರು.

"ಹಂಗಾರ ಇಲ್ಲಿ ಕೊಡು, ಕೈ ನೋಯ್ತಾವ. ಚರಗಿ ನಾ ಹಿಡೀತೇನಿ. ನೀ ಮಾತಾಡು."

ಕಾಕು ಮಾತಾಡಿದರು. ಅವರು ಮುಗಿಸುವತನಕ ಕಾಕಾನ ಕೈಯಿಂದ ಒಂದು ಹನಿಯೂ ಚೆಲ್ಲಲಿಲ್ಲ.